ಜನವರಿ ಸಭೆಗೆ ಮುನ್ನ: ದೌರ್ಜನ್ಯ ತಡೆ ಕಾಯ್ದೆಯ ಬಗ್ಗೆ ಮುಖ್ಯಮಂತ್ರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮುಖ್ಯಮಂತ್ರಿಗಳು ಹಾಗೂ ಅಧ್ಯಕ್ಷರು,
ರಾಜ್ಯಮಟ್ಟದ ಜಾಗೃತಿ ಮತ್ತು ಉಸ್ತುವಾರಿ ಸಮಿತಿ,
ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ನಿಯಮಗಳಲ್ಲಿ 16ನೆಯದು ತಮ್ಮ ಮೇಲೆ ಒಂದು ಹೊಣೆ ಹೊರಿಸಿದೆ. ಕಾಯ್ದೆಯ ಜಾರಿಯನ್ನು ನೋಡಿಕೊಳ್ಳುವ ರಾಜ್ಯಮಟ್ಟದ ಸಮಿತಿಗೆ ತಾವೇ ಅಧ್ಯಕ್ಷರು. ವರ್ಷಕ್ಕೆ ಎರಡು ಸಲ, ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ಸಭೆ ಸೇರಬೇಕು. ಎಷ್ಟು ಪ್ರಕರಣ ದಾಖಲಾದವು, ಎಷ್ಟು ಪರಿಹಾರ ಹಂಚಿಕೆಯಾಯಿತು ಎಂಬ ಎರಡು ಅಂಕಿಗಳನ್ನು ಓದಿ ಮುಗಿಸುವ ಸಭೆ ಇದಾಗಬಾರದು ಎಂದು ಕೋರಿ ಈ ಪತ್ರ. ಆ ಎರಡು ಅಂಕಿಗಳಿಂದ ಕಾಯ್ದೆ ನಡೆಯುತ್ತಿದೆಯೋ ಕುಂಟುತ್ತಿದೆಯೋ ತಿಳಿಯುವುದಿಲ್ಲ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅದಕ್ಕೆ ಶಿಕ್ಷೆ ಏನು ಎಂದು ಹೇಳಲು 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. 1976ರಲ್ಲಿ ಅದನ್ನು ಬಿಗಿ ಮಾಡಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರು ಬದಲಿಸಿದರು. ಬಿಗಿ ಎಂದರೆ ಎಷ್ಟು? ಒಂದು ತಿಂಗಳಿಂದ ಆರು ತಿಂಗಳ ಸೆರೆವಾಸ, 100ರಿಂದ 500 ರೂಪಾಯಿ ದಂಡ. ದಂಡದ ಮೊತ್ತ ಇವತ್ತಿಗೂ ಅಷ್ಟೇ ಇದೆ. ಈ ಕಾಯ್ದೆ ಇದ್ದಾಗಲೇ 1968ರಲ್ಲಿ ತಮಿಳುನಾಡಿನ ಕೀಳ್‌ವೆಣ್ಮಣಿ, 1985ರಲ್ಲಿ ಆಂಧ್ರದ ಕಾರಂಚೇಡು ದಲಿತ ಹತ್ಯಾಕಾಂಡಗಳು ನಡೆದವು. ಅವಮಾನಕ್ಕೆ ಒಂದು ಕಾನೂನು, ಕೊಲೆಗೆ ಇನ್ನೊಂದು ಎಂದು ಬೇರೆ ಬೇರೆ ಇಟ್ಟುಕೊಂಡು ಕೂತರೆ ಸಾಲದು ಎಂಬುದು ಅರ್ಥವಾದ ಮೇಲೆ 1989ರ ದೌರ್ಜನ್ಯ ತಡೆ ಕಾಯ್ದೆ ಬಂತು. ಜಾರಿಯಾದದ್ದು 1990ರ ಜನವರಿ 30ಕ್ಕೆ, ನಿಯಮಗಳು ಬಂದದ್ದು 1995ರಲ್ಲಿ. 2016ರ ಜನವರಿ 26ರಂದು ಜಾರಿಗೆ ಬಂದ ತಿದ್ದುಪಡಿ ಸಾಮಾಜಿಕ ಬಹಿಷ್ಕಾರ, ಬಲವಂತವಾಗಿ ತಲೆ ಮೀಸೆ ಬೋಳಿಸುವುದು, ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದು, ಮದುವೆ ಮೆರವಣಿಗೆ ತಡೆಯುವುದು ಇವನ್ನೆಲ್ಲ ಹೆಸರಿಟ್ಟು ಅಪರಾಧವೆಂದು ಬರೆಯಿತು.

ಈ ಅರವತ್ತು ವರ್ಷಗಳಲ್ಲಿ ಅಪರಾಧಗಳ ಪಟ್ಟಿ ಬೆಳೆದದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ. ನಮ್ಮ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಬದಲಾವಣೆ ಬೇರೊಂದಿದೆ. 1955ರ ಕಾನೂನು ತಪ್ಪು ಮಾಡಿದವನಿಗೆ ಮಾತ್ರ ಮಾತಾಡುತ್ತಿತ್ತು. ಈಗಿನ ಕಾನೂನು ಅಧಿಕಾರಿಗೂ ಮಾತಾಡುತ್ತದೆ: ಇಂಥ ದರ್ಜೆಯವನೇ ತನಿಖೆ ಮಾಡಬೇಕು, ಇಷ್ಟು ದಿನದಲ್ಲಿ ಮುಗಿಸಬೇಕು, ಇಷ್ಟು ಹಣ ಇಷ್ಟು ದಿನದೊಳಗೆ ಕೊಡಬೇಕು, ಕೊಡದಿದ್ದರೆ ನೀನೇ ಆರೋಪಿ. ಕಾಯ್ದೆಯ ಜೀವ ಇರುವುದು ಇಲ್ಲಿ. ಅದು ಸೋಲುತ್ತಿರುವುದೂ ಇಲ್ಲೇ.

2022ರಲ್ಲಿ ಪರಿಶಿಷ್ಟ ಜಾತಿಗಳ ಮೇಲಿನ ಅಪರಾಧಗಳೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಕೊಟ್ಟದ್ದು ದೇಶದಾದ್ಯಂತ 57,582 ಪ್ರಕರಣ. ಈ ಕಾಯ್ದೆಯಡಿ ಶಿಕ್ಷೆಯ ಪ್ರಮಾಣ 2020ರಲ್ಲಿ ಶೇ. 39.2 ಇದ್ದದ್ದು 2022ರಲ್ಲಿ ಶೇ. 32.4ಕ್ಕೆ ಇಳಿಯಿತು. ಇದನ್ನು ತೋರಿಸಿ 'ಉಳಿದವೆಲ್ಲ ಸುಳ್ಳು ಕೇಸು' ಎನ್ನುವವರಿದ್ದಾರೆ. ಅವರು ಖುಲಾಸೆಯ ತೀರ್ಪುಗಳನ್ನು ಓದಬೇಕು. ಜಾತಿ ಪ್ರಮಾಣಪತ್ರ ಹಾಜರುಪಡಿಸಿಲ್ಲ, ತನಿಖೆ ಮಾಡಿದವರಿಗೆ ಅಧಿಕಾರ ಇರಲಿಲ್ಲ, ಘಟನೆ ಸಾರ್ವಜನಿಕರ ಕಣ್ಣೆದುರು ನಡೆದದ್ದಕ್ಕೆ ಪುರಾವೆ ಇಲ್ಲ, ಸ್ವತಂತ್ರ ಸಾಕ್ಷಿಗಳು ತಿರುಗಿಬಿದ್ದರು: ಮತ್ತೆ ಮತ್ತೆ ಬರುವ ಕಾರಣಗಳು ಇವು. ಏನೂ ನಡೆದೇ ಇಲ್ಲ ಎಂದು ಕೋರ್ಟು ಹೇಳುವುದಕ್ಕೂ ಈ ಮಾತಿಗೂ ಬಹಳ ಅಂತರ. ಈ ಕಾರಣಗಳಲ್ಲಿ ಮೊದಲ ಮೂರು ಹುಟ್ಟುವುದು ಠಾಣೆಯಲ್ಲಿ, ಮೊದಲ ಕೆಲವೇ ದಿನಗಳಲ್ಲಿ.

ಜಾತಿನಿಂದನೆಯ ದೂರುಗಳಲ್ಲಿ ಠಾಣೆಯವರು ಸಾಮಾನ್ಯವಾಗಿ ಬರೆದುಕೊಳ್ಳುವ ವಾಕ್ಯವನ್ನೇ ತೆಗೆದುಕೊಳ್ಳಿ: 'ಆರೋಪಿಯು ಏಕಾಏಕಿ ಬಂದು ಅವಾಚ್ಯ ಶಬ್ದಗಳಿಂದ ಬೈದು, ಜಾತಿನಿಂದನೆ ಮಾಡಿ, ಕೈಯಿಂದ ಹೊಡೆದು, ಜೀವಬೆದರಿಕೆ ಹಾಕಿರುತ್ತಾನೆ.' ಓದಲು ಎಲ್ಲವೂ ಇದೆ, ಕೋರ್ಟಿಗೆ ಬೇಕಾದ್ದು ಒಂದೂ ಇಲ್ಲ. ಕಲಂ 3(1)(ಎಸ್) ಕೇಳುವುದು ಜಾತಿಯ ಹೆಸರು ಹಿಡಿದು ಬೈದದ್ದನ್ನು. ಬೈದ ಶಬ್ದ ಯಾವುದೆಂದೇ ಇಲ್ಲಿಲ್ಲ. ಕಲಂ 3(1)(ಆರ್) ಕೇಳುವುದು ಅವಮಾನ ಮಾಡುವ ಉದ್ದೇಶವನ್ನು. ಯಾವ ಮಾತಿನಿಂದ, ಯಾವ ಸಂದರ್ಭದಲ್ಲಿ ಎಂಬುದಿಲ್ಲ. ಎರಡಕ್ಕೂ ಬೇಕಾದ್ದು 'ಸಾರ್ವಜನಿಕರ ದೃಷ್ಟಿಗೆ ಬೀಳುವ ಸ್ಥಳ'. ಯಾರು ನೋಡಿದರು, ಎಲ್ಲಿ ನಿಂತಿದ್ದರು ಎಂಬುದಿಲ್ಲ. ಮೂರು ನಾಲ್ಕು ವರ್ಷದ ಮೇಲೆ ಸಾಕ್ಷಿ ಕಟಕಟೆಯಲ್ಲಿ ನಿಂತು ಆ ಶಬ್ದವನ್ನು ಮೊದಲ ಸಲ ಹೇಳುತ್ತಾನೆ. ಆರೋಪಿ ಪರ ವಕೀಲರು ಎದ್ದು, ದೂರಿನಲ್ಲಿ ಇಲ್ಲ, ಪೊಲೀಸ್ ಹೇಳಿಕೆಯಲ್ಲಿ ಇಲ್ಲ, ಈಗ ಸೇರಿಸುತ್ತಿದ್ದೀರಿ ಎನ್ನುತ್ತಾರೆ. ಆ ಪ್ರಶ್ನೆ ಕೇಳುವುದು ಅವರ ಕೆಲಸ, ತಪ್ಪಿಲ್ಲ. ಉತ್ತರ ಕಡತದಲ್ಲೇ ಇರಬೇಕಿತ್ತು, ಅಷ್ಟೇ.

ಆದ್ದರಿಂದ ದೂರಿನಲ್ಲಿ ಆಡಿದ ಮಾತು ಆಡಿದ ಹಾಗೇ, ಎಷ್ಟೇ ಹೊಲಸಾಗಿದ್ದರೂ, ಬರಬೇಕು. ಬರೆಯುವ ಸಿಬ್ಬಂದಿ ಸಂಕೋಚದಿಂದಲೋ ಅಭ್ಯಾಸದಿಂದಲೋ ಅದನ್ನು 'ಅವಾಚ್ಯ' ಎಂದು ತೊಳೆದುಬಿಟ್ಟರೆ ಪ್ರಕರಣದ ಮೂಳೆಯೇ ಹೋದಂತೆ. ನಿಯಮ 5ರಂತೆ ಬಾಯಿಮಾತಿನ ದೂರನ್ನು ಬರೆದುಕೊಂಡವರು ಅದನ್ನು ದೂರುದಾರರಿಗೆ ಓದಿ ಹೇಳಿ, ಸಹಿ ಪಡೆದು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ಓದಿ ಹೇಳುವ ಆ ಐದು ನಿಮಿಷದಲ್ಲೇ ಬಿಟ್ಟುಹೋದದ್ದು ಸಿಗುತ್ತದೆ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಬರಹದಲ್ಲಿ ಅಂಚೆಯ ಮೂಲಕ ಎಸ್ಪಿಗೆ ಕಳಿಸಲು ಅದೇ ನಿಯಮ ದಾರಿ ಕೊಟ್ಟಿದೆ.

ಸ್ಥಳದ ವಿಚಾರ ಇನ್ನೂ ಸೂಕ್ಷ್ಮ. ಸಾರ್ವಜನಿಕ ಸ್ಥಳ ಬೇರೆ, ಸಾರ್ವಜನಿಕರ ದೃಷ್ಟಿಗೆ ಬೀಳುವ ಸ್ಥಳ ಬೇರೆ ಎಂದು ಸುಪ್ರೀಂ ಕೋರ್ಟ್ 2008ರ ಸ್ವರಣ್ ಸಿಂಗ್ ಪ್ರಕರಣದಲ್ಲೇ ಹೇಳಿದೆ. ಖಾಸಗಿ ಮನೆಯ ಗೇಟಿನ ಹತ್ತಿರವಾದರೂ ಹೊರಗಿನವರು ನೋಡುತ್ತಿದ್ದರೆ ಕಲಂ ಅನ್ವಯಿಸುತ್ತದೆ. 2020ರ ಹಿತೇಶ್ ವರ್ಮಾ ಪ್ರಕರಣದಲ್ಲಿ ನಾಲ್ಕು ಗೋಡೆಯೊಳಗೆ, ಹೊರಗಿನವರಿಲ್ಲದೆ ನಡೆದ ಮಾತಿಗೆ ಅನ್ವಯವಿಲ್ಲ ಎಂದಿತು. ಈ ಎರಡು ತೀರ್ಪುಗಳ ನಡುವಿನ ಗೆರೆ ಬೀಳುವುದು ಸ್ಥಳ ಮಹಜರಿನಲ್ಲಿ. ಜಗಲಿಯ ಮೇಲೆ ನಿಂತು ಬೈದದ್ದನ್ನು 'ಪಿರ್ಯಾದಿಯ ಮನೆಯಲ್ಲಿ' ಎಂದು ಬರೆದರೆ ಕಲಂ ಅಲ್ಲಿಗೆ ಸತ್ತಿತು. ನಕ್ಷೆಯಲ್ಲಿ ಜಗಲಿ, ಓಣಿ, ಎದುರು ಮನೆ, ನೀರಿನ ನಲ್ಲಿ, ಸಾಕ್ಷಿ ನಿಂತ ಜಾಗ, ಅವುಗಳ ನಡುವಿನ ಅಡಿಗಳ ಲೆಕ್ಕ ಬರಬೇಕು. ಅರ್ಧ ಗಂಟೆಯ ಕೆಲಸ.

ಜಾತಿ ಪ್ರಮಾಣಪತ್ರದ ಗೋಳು ಇನ್ನೂ ಬೇಸರ ತರಿಸುತ್ತದೆ. ನೊಂದವರು ಪರಿಶಿಷ್ಟರು ಎಂಬುದನ್ನಷ್ಟೇ ಅಲ್ಲ, ಆರೋಪಿ ಪರಿಶಿಷ್ಟರಲ್ಲ ಎಂಬುದನ್ನೂ ಸಾಬೀತು ಮಾಡಬೇಕು. ಅಂದರೆ ತಹಶೀಲ್ದಾರರಿಂದ ಇಬ್ಬರ ಜಾತಿಯ ದಾಖಲೆಯೂ ಬೇಕು, ಅದನ್ನು ಕೊಟ್ಟ ಅಧಿಕಾರಿಯ ಹೆಸರು ಸಾಕ್ಷಿಪಟ್ಟಿಯಲ್ಲಿರಬೇಕು. ಒಬ್ಬರದ್ದನ್ನು ತರಿಸಿ ಇನ್ನೊಬ್ಬರದ್ದನ್ನು ಮರೆಯುವ ಚಾರ್ಜ್‌ಶೀಟುಗಳಿವೆ. ಆರೋಪಿಗೆ ನೊಂದವರ ಅಥವಾ ಅವರ ಮನೆಯವರ ಪರಿಚಯವಿದ್ದರೆ, ಹಾಗಲ್ಲವೆಂದು ಸಾಬೀತಾಗದ ಹೊರತು, ಜಾತಿ ಗೊತ್ತಿತ್ತೆಂದೇ ಕೋರ್ಟ್ ಭಾವಿಸಬೇಕೆಂದು ಕಲಂ 8(ಸಿ) ಹೇಳುತ್ತದೆ. ಪರಿಚಯವಿತ್ತು ಎಂಬ ಒಂದು ಸಾಲು ಹೇಳಿಕೆಯಲ್ಲಿ ಇದ್ದರೆ ತಾನೇ ಆ ಕಲಂ ಕೆಲಸಕ್ಕೆ ಬರುವುದು? ಜೀವಾವಧಿಯವರೆಗೆ ಶಿಕ್ಷೆ ಎಳೆಯುವ ಕಲಂ 3(2)(ವಿ) ಕೂಡ 2016ರಿಂದ 'ಜಾತಿಯ ಕಾರಣಕ್ಕೆ' ಎಂಬುದನ್ನು ಬಿಟ್ಟು 'ಜಾತಿ ಗೊತ್ತಿದ್ದೂ' ಎಂಬುದರ ಮೇಲೆ ನಿಂತಿದೆ. ಹಳೆಯ ಪಾಠ ನೆನಪಿಟ್ಟುಕೊಂಡ ತನಿಖಾಧಿಕಾರಿಗಳು ಇನ್ನೂ ಕಾರಣ ಹುಡುಕುತ್ತ, ಸಿಗದಾಗ ಆ ಕಲಮನ್ನೇ ಕೈಬಿಡುತ್ತಾರೆ.

ತನಿಖೆ ಮಾಡಬೇಕಾದ್ದು ಡಿವೈಎಸ್ಪಿಗಿಂತ ಕೆಳಗಿನವರಲ್ಲ ಎಂಬುದು ನಿಯಮ 7. ಕಾಗದದ ಮೇಲೆ ಡಿವೈಎಸ್ಪಿ, ಹೇಳಿಕೆ ಬರೆದದ್ದು ಪಿಎಸ್ಐ ಅಥವಾ ರೈಟರ್ ಎಂಬುದು ಪಾಟೀಸವಾಲಿನಲ್ಲಿ ಹೊರಬಿದ್ದರೆ ಈ ಕಾಯ್ದೆಯ ಕಲಂಗಳು ಉದುರಿ, ಮಾಮೂಲಿ ಹೊಡೆದಾಟದ ಕೇಸಷ್ಟೇ ಉಳಿಯುತ್ತದೆ. 60 ದಿನದಲ್ಲಿ ಚಾರ್ಜ್‌ಶೀಟ್ ಸಲ್ಲಿಸಬೇಕು. ತಡವಾದರೆ ಕಾರಣ ಬರಹದಲ್ಲಿ ಕೊಡಬೇಕು. ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ ಬಂದಿಲ್ಲ ಎಂಬ ಸಬೂಬು ಹೆಚ್ಚಿನ ಕೇಸುಗಳಲ್ಲಿ ನಿಲ್ಲದು. ಜಾತಿನಿಂದನೆಗೆ ಪ್ರಯೋಗಾಲಯದಲ್ಲಿ ಪರೀಕ್ಷಿಸುವಂಥದ್ದು ಏನಿದೆ? ಬೇಕಿದ್ದ ಕಡೆ ವರದಿಯನ್ನು ಪೂರಕ ದೋಷಾರೋಪ ಪಟ್ಟಿಯಲ್ಲಿ ಆಮೇಲೆ ಸೇರಿಸಬಹುದು.

2024ರ ಜುಲೈ 1ರಿಂದ ಇನ್ನೊಂದು ಗೊಂದಲ ಸೇರಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(3) ಪ್ರಕಾರ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಬಹುದು. ನಮ್ಮ ಕಲಂ 3(1)ರ ಅಪರಾಧಗಳಿಗೆ ಆರು ತಿಂಗಳಿಂದ ಐದು ವರ್ಷ ಶಿಕ್ಷೆ. ಹಾಗಾಗಿ 'ಇದೂ ಅದರಲ್ಲೇ ಬರುತ್ತದೆ, ಅರ್ಜಿ ವಿಚಾರಣೆ ಮಾಡೋಣ' ಎಂದು ಹಿಂಬರಹ ಕೊಟ್ಟು ಕಳಿಸಲು ಹೊಸ ದಾರಿ ಸಿಕ್ಕಂತಾಗಿದೆ. ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎನ್ನುವ ನಮ್ಮ ಕಾಯ್ದೆಯ ಕಲಂ 18ಎ ಈ ದಾರಿಯನ್ನು ಮುಚ್ಚಿದೆ. 2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟ್ ಪ್ರಾಥಮಿಕ ವಿಚಾರಣೆಯ ನಿರ್ದೇಶನ ಕೊಟ್ಟಾಗ, ಅದನ್ನು ತೆಗೆದುಹಾಕಲೆಂದೇ ಸಂಸತ್ತು ಅದೇ ವರ್ಷ ಈ ಕಲಂ ಸೇರಿಸಿತು. 2020ರ ಫೆಬ್ರವರಿಯಲ್ಲಿ ಕೋರ್ಟೇ ಅದನ್ನು ಎತ್ತಿಹಿಡಿಯಿತು. ಬೇರೆ ಕಾನೂನಿನ ಜೊತೆ ತಿಕ್ಕಾಟ ಬಂದರೆ ಈ ಕಾಯ್ದೆಯೇ ಮೇಲು ಎಂದು ಕಲಂ 20 ಹೇಳುತ್ತದೆ. ಡಿಜಿಪಿಯವರಿಂದ ಒಂದು ಪುಟದ ಸುತ್ತೋಲೆ ಹೊರಟರೆ ಈ ಗೊಂದಲ ಮುಗಿಯುತ್ತದೆ. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ (ಡಿಸಿಆರ್‌ಇ) ಈಗ ತನ್ನದೇ ಠಾಣೆಗಳಿವೆ, ಒಳ್ಳೆಯದು. 'ಇದು ನಮ್ಮದಲ್ಲ, ಜಿಲ್ಲಾ ಕೇಂದ್ರದ ಡಿಸಿಆರ್‌ಇಗೆ ಹೋಗಿ' ಎನ್ನಲು ಊರಿನ ಠಾಣೆಗೆ ಅದು ನೆಪವಾಗಬಾರದು ಎಂಬುದನ್ನೂ ಅದೇ ಸುತ್ತೋಲೆಯಲ್ಲಿ ಸೇರಿಸಬಹುದು. ವ್ಯಾಪ್ತಿ ಯಾರದ್ದೇ ಇರಲಿ, ದೂರು ದಾಖಲಿಸಿಕೊಂಡು ಆಮೇಲೆ ವರ್ಗಾಯಿಸಬೇಕು.

ಪ್ರತಿದೂರಿನ ವಿಷಯ. ದೌರ್ಜನ್ಯದ ದೂರು ಬಂದ ಬೆನ್ನಿಗೇ ಎದುರು ಪಕ್ಷದವರು ಆಸ್ಪತ್ರೆ ಸೇರಿ ಒಂದು ಕೌಂಟರ್ ಕೇಸು ಹಾಕುತ್ತಾರೆ. ಅದನ್ನು ದಾಖಲಿಸಬೇಡಿ ಎನ್ನಲು ಬರುವುದಿಲ್ಲ, ಕಾನೂನು ಎಲ್ಲರಿಗೂ ಒಂದೇ. ಎರಡೂ ದೂರು ಬಂದ ವೇಳೆಯನ್ನು ಠಾಣಾ ದಿನಚರಿಯಲ್ಲಿ ಕರಾರುವಾಕ್ಕಾಗಿ ಬರೆದು, ಎರಡನ್ನೂ ಒಬ್ಬರೇ ಡಿವೈಎಸ್ಪಿ ತನಿಖೆ ಮಾಡಲಿ. ಬೇರೆ ಬೇರೆ ಕೈಗೆ ಹೋದರೆ ಒಂದರ ಗಾಯದ ಪ್ರಮಾಣಪತ್ರ ಇನ್ನೊಂದರ ರಾಜಿಗೆ ಸಲಕರಣೆಯಾಗುತ್ತದೆ.

ಇನ್ನು ಸಾಕ್ಷಿಗಳು. ಕರ್ನಾಟಕಕ್ಕೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆ ವರ್ಷದ ಆಗಸ್ಟ್ 28ರಂದೇ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ, ಕ್ಷೌರದಂಗಡಿ ಮತ್ತು ಹೋಟೆಲಿನಲ್ಲಿ ದಲಿತರಿಗೆ ಪ್ರವೇಶ ನಿರಾಕರಿಸಿದ ಜಗಳದ ಹಿನ್ನೆಲೆಯಲ್ಲಿ, ಗುಡಿಸಲುಗಳಿಗೆ ಬೆಂಕಿ ಬಿತ್ತು. ಅಲ್ಲಿ ಸಾಕ್ಷಿ ನಿಂತಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳು ಹೈಕೋರ್ಟಿನಲ್ಲಿ ಅವರಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ಶಿಕ್ಷೆಯಾಗಲು ಹಿಡಿದದ್ದು ಹತ್ತು ವರ್ಷ. ಕಲಂ 14 ಹೇಳುವುದು ಚಾರ್ಜ್‌ಶೀಟ್ ಸಲ್ಲಿಕೆಯಾದ ಎರಡು ತಿಂಗಳಲ್ಲಿ, ಸಾಧ್ಯವಾದ ಮಟ್ಟಿಗೆ, ದಿನಂಪ್ರತಿ ವಿಚಾರಣೆ ನಡೆಸಿ ಮುಗಿಸಬೇಕೆಂದು.

ಹತ್ತು ವರ್ಷ ಸಾಕ್ಷಿ ನಿಲ್ಲುವುದು ಎಂದರೇನು? ಆರೋಪಿಯ ಹೊಲದಲ್ಲೇ ಕೂಲಿ, ಅವನ ಸಂಬಂಧಿಕರದ್ದೇ ಕಿರಾಣಿ ಅಂಗಡಿ, ಅವನದ್ದೇ ಟ್ರ್ಯಾಕ್ಟರ್ ಬಾಡಿಗೆಗೆ. ಹೊಡೆಯುವುದೇ ಬೇಕಿಲ್ಲ, ಕೂಲಿಗೆ ಕರೆಯದಿದ್ದರೆ ಸಾಕು. ಅದಕ್ಕೇ ಬಹಿಷ್ಕಾರವನ್ನು ಕಲಂ 3(1)(ಝಡ್‌ಸಿ) ಪ್ರತ್ಯೇಕ ಅಪರಾಧ ಮಾಡಿದ್ದು, ಪರಿಹಾರ ಪಟ್ಟಿಯಲ್ಲಿ ಒಂದು ಲಕ್ಷ ರೂಪಾಯಿಯ ಜೊತೆಗೆ ಎಲ್ಲ ಸೇವೆಗಳನ್ನೂ ಮರಳಿ ಕೊಡಿಸಬೇಕೆಂದು ಬರೆದದ್ದು. ಬಹಿಷ್ಕಾರ ಹಾಕಿದ್ದಕ್ಕೆ ದಂಡೋರ ಹೊಡೆಸಿದ ಪುರಾವೆ ಬೇಕೆಂದು ಕೂರುವ ತನಿಖೆ ಎಂದೂ ಮುಗಿಯುವುದಿಲ್ಲ. ಕೂಲಿ ಕೊಟ್ಟ ದಿನಗಳ ಲೆಕ್ಕ, ಹಾಲು ಡೇರಿಯ ಪುಸ್ತಕ, ಅಂಗಡಿಯ ಸಾಲದ ಚೀಟಿ ಇವನ್ನು ಘಟನೆಯ ಹಿಂದಿನ ಮತ್ತು ಮುಂದಿನ ತಿಂಗಳುಗಳಿಗೆ ಹೋಲಿಸಿದರೆ ಬಹಿಷ್ಕಾರ ತಾನೇ ಕಾಣುತ್ತದೆ.

ಸಾಕ್ಷಿ ಕೋರ್ಟಿಗೆ ಬಂದ ದಿನದ ಕೂಲಿ ಯಾರು ಕೊಡಬೇಕು ಎಂಬುದಕ್ಕೂ ಕಾನೂನಿನಲ್ಲಿ ಉತ್ತರವಿದೆ. ನಿಯಮ 11ರಂತೆ ಹೋಗಿ ಬರುವ ಬಸ್ಸು ಅಥವಾ ರೈಲಿನ ದರ, ಕನಿಷ್ಠ ಕೂಲಿಗೆ ಕಡಿಮೆ ಇಲ್ಲದ ಭತ್ಯೆ ಸಿಗಬೇಕು, ತಕ್ಷಣ ಇಲ್ಲವೇ ಮೂರು ದಿನದೊಳಗೆ. ಹೆಂಗಸರು, 60 ದಾಟಿದವರು, ಶೇ. 40ರಷ್ಟು ಅಥವಾ ಹೆಚ್ಚು ಅಂಗವೈಕಲ್ಯವುಳ್ಳವರು ಜೊತೆಗೊಬ್ಬರನ್ನು ಕರೆತರಬಹುದು, ಅವರಿಗೂ ಭತ್ಯೆ ಉಂಟು. ಈ ನಿಯಮ ಗೊತ್ತಿರುವ ಸಾಕ್ಷಿಗಳು ಎಷ್ಟು ಜನ? ಸಮನ್ಸ್ ಕಾಗದದ ಕೆಳಗೆ ಎರಡು ಸಾಲಿನಲ್ಲಿ ಇದನ್ನು ಅಚ್ಚು ಹಾಕಿಸಲು ಖರ್ಚೇನೂ ಇಲ್ಲ.

ಜಾಮೀನಿನ ವಿಚಾರದಲ್ಲೂ ಇದೇ. ಕಲಂ 15ಎ ಪ್ರಕಾರ ಜಾಮೀನು ಅರ್ಜಿ ಸೇರಿದಂತೆ ಪ್ರತಿ ಕಲಾಪದ ಸೂಚನೆಯೂ ನೊಂದವರಿಗೆ ಸಕಾಲದಲ್ಲಿ ಮುಟ್ಟಬೇಕು, ಅವರ ಮಾತು ಕೇಳಬೇಕು. ಇದು ಕಡ್ಡಾಯ ಎಂದು 2021ರ ಅಕ್ಟೋಬರ್‌ನಲ್ಲಿ ಹರಿರಾಮ್ ಭಾಂಭಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಹಿಂದಿನ ಸಂಜೆ ಕಾನ್‌ಸ್ಟೇಬಲ್ ಫೋನು ಮಾಡಿ 'ನಾಳೆ ಬೇಲ್ ಇದೆ' ಎಂದರೆ ಅದು ಸಕಾಲದ ಸೂಚನೆಯಲ್ಲ. ಸರ್ಕಾರಿ ಅಭಿಯೋಜಕರ (ಪ್ರಾಸಿಕ್ಯೂಟರ್) ಮೇಲೆ ನೊಂದವರಿಗೆ ನಂಬಿಕೆ ಇಲ್ಲದಿದ್ದರೆ, ಅವರು ಬಯಸಿದಂತೆ ಹಿರಿಯ ವಕೀಲರೊಬ್ಬರನ್ನು ನೇಮಿಸಲು ನಿಯಮ 4(5)ರಲ್ಲಿ ಜಿಲ್ಲಾಧಿಕಾರಿಗೆ ಅಧಿಕಾರವಿದೆ. ಬಳಕೆಯಾಗದೆ ತುಕ್ಕು ಹಿಡಿದ ಅಧಿಕಾರ ಅದು.

ಪರಿಹಾರವನ್ನು ದಯೆ ಎಂಬಂತೆ ನೋಡುವ ರೂಢಿ ಕಚೇರಿಗಳಲ್ಲಿ ಇನ್ನೂ ಹೋಗಿಲ್ಲ. 2016ರ ಪಟ್ಟಿಯಂತೆ ಮೊತ್ತ 85,000ದಿಂದ 8,25,000 ರೂಪಾಯಿವರೆಗೆ. ಜಾತಿನಿಂದನೆಗೆ ಒಂದು ಲಕ್ಷ: ಎಫ್‌ಐಆರ್ ಹಂತದಲ್ಲಿ ಶೇ. 25, ಚಾರ್ಜ್‌ಶೀಟ್ ಕೋರ್ಟಿಗೆ ಹೋದಾಗ ಶೇ. 50, ಶಿಕ್ಷೆಯಾದಾಗ ಶೇ. 25. ಅಂದರೆ ಚಾರ್ಜ್‌ಶೀಟ್ ತಡವಾದಷ್ಟೂ 50,000 ರೂಪಾಯಿ ತಡ. ಕೊಲೆಯಾದರೆ 8,25,000ದಲ್ಲಿ ಅರ್ಧ ಮರಣೋತ್ತರ ಪರೀಕ್ಷೆಯ ನಂತರ, ಇನ್ನರ್ಧ ಚಾರ್ಜ್‌ಶೀಟಿನ ಹೊತ್ತಿಗೆ. ಅದರ ಮೇಲೆ ಅವಲಂಬಿತರಿಗೆ ತಿಂಗಳಿಗೆ 5,000 ರೂಪಾಯಿ ಮೂಲ ಪಿಂಚಣಿ ಮತ್ತು ತುಟ್ಟಿಭತ್ಯೆ, ಮನೆಯ ಒಬ್ಬರಿಗೆ ಕೆಲಸ, ಮಕ್ಕಳಿಗೆ ಪದವಿಯವರೆಗಿನ ಓದಿನ ಖರ್ಚು. ಮೊದಲ ಕಂತು ಚೆಕ್ಕಿನ ಫೋಟೋದೊಂದಿಗೆ ಪತ್ರಿಕೆಯಲ್ಲಿ ಬರುತ್ತದೆ. ಪಿಂಚಣಿ, ಕೆಲಸ, ಓದಿನ ಕಡತಗಳು ಮೂರು ಇಲಾಖೆಗಳ ನಡುವೆ ಅಲೆಯುತ್ತವೆ. ಪರಿಹಾರ ಕೊಡಲು ನಿಯಮ 12(4) ಏಳು ದಿನದ ಗಡುವು ಹಾಕಿದೆ. 'ಅನುದಾನ ಬಂದಿಲ್ಲ' ಎನ್ನುವಂತಾಗಬಾರದೆಂದೇ, ಖಜಾನೆಯಿಂದ ತಕ್ಷಣ ಹಣ ಪಡೆಯಲು ಜಿಲ್ಲಾಧಿಕಾರಿಗೆ ಅಧಿಕಾರ ಕೊಡಲು ರಾಜ್ಯಕ್ಕೆ 12(4ಎ) ಅವಕಾಶ ಮಾಡಿದೆ. ಅಧಿಕಾರ ಕೊಟ್ಟ ಆದೇಶವೂ ಅದು ಬಳಕೆಯಾದ ಲೆಕ್ಕವೂ ತಮ್ಮ ಸಭೆಯ ಮೇಜಿನ ಮೇಲಿರಲಿ.

ಇಷ್ಟೆಲ್ಲ ಕರ್ತವ್ಯಗಳನ್ನು ಮಾಡದವರಿಗೆ ಕಲಂ 4 ಇದೆ. ದೂರು ದಾಖಲಿಸದ, ಓದಿ ಹೇಳದ, ಪ್ರತಿ ಕೊಡದ, 60 ದಿನದಲ್ಲಿ ತನಿಖೆ ಮುಗಿಸದ, ಉದ್ದೇಶಪೂರ್ವಕವಾಗಿ ಹೊಣೆ ತಪ್ಪಿಸಿಕೊಂಡ, ಪರಿಶಿಷ್ಟರಲ್ಲದ ಸರ್ಕಾರಿ ನೌಕರರಿಗೆ ಆರು ತಿಂಗಳಿಂದ ಒಂದು ವರ್ಷ ಶಿಕ್ಷೆ. ಆದರೆ ಆರೋಪ ಹೊರಿಸಲು ಆಡಳಿತಾತ್ಮಕ ವಿಚಾರಣೆಯ ಶಿಫಾರಸು ಬೇಕು. ಆ ವಿಚಾರಣೆ ಮಾಡಬೇಕಾದವರು ಅದೇ ಇಲಾಖೆಯ ಮೇಲಧಿಕಾರಿಗಳಾದ್ದರಿಂದ ಬಾಗಿಲು ತೆರೆಯುವುದೇ ಅಪರೂಪ. ಹೊಣೆ ತಪ್ಪಿಸಿಕೊಂಡ ಸರ್ಕಾರಿ ನೌಕರರನ್ನೇ ಕಟ್ಟಿಹಾಕುವ ಕಲಂ ಇದು. ಅದಕ್ಕೇ ಅದು ಎಲ್ಲಕ್ಕಿಂತ ಕಡಿಮೆ ಬಳಕೆಯಾಗುತ್ತದೆ ಎಂದು ನಾವು ತಿಳಿದಿದ್ದೇವೆ. ವಿಚಾರಣೆಯನ್ನು ಬೇರೆ ಜಿಲ್ಲೆಯ ಅಧಿಕಾರಿಗೆ ಒಪ್ಪಿಸಿ, 30 ದಿನದ ಗಡುವು ಹಾಕುವುದು ರಾಜ್ಯ ಸರ್ಕಾರದ ಒಂದು ಆದೇಶದಿಂದ ಆಗುವ ಕೆಲಸ.

ಹಾಗಾಗಿ ಜನವರಿ ಸಭೆಗೆ ಪ್ರತಿ ಜಿಲ್ಲೆಯಿಂದ ಈ ಅಂಕಿಗಳನ್ನು ತರಿಸಿ. 60 ದಿನ ದಾಟಿದ ತನಿಖೆಗಳು ಮತ್ತು ಪ್ರತಿಯೊಂದಕ್ಕೂ ಕೊಟ್ಟ ಲಿಖಿತ ಕಾರಣ. ಏಳು ದಿನ ದಾಟಿದ ಪರಿಹಾರ ಕಂತುಗಳು. ಎರಡು ತಿಂಗಳು ದಾಟಿದ ವಿಚಾರಣೆಗಳಲ್ಲಿ ಸಾಕ್ಷಿ ಬಾರದೆ ಮುಂದೂಡಿದ್ದೆಷ್ಟು, ಅಭಿಯೋಜಕರು ಬಾರದೆ ಮುಂದೂಡಿದ್ದೆಷ್ಟು. ಪುರಾವೆ ಇಲ್ಲವೆಂದು ಕೇಸು ಮುಚ್ಚುವ 'ಬಿ' ರಿಪೋರ್ಟ್ ಹಾಕಿದ ಪ್ರಕರಣಗಳಲ್ಲಿ ದೂರುದಾರರಿಗೆ ನೋಟಿಸ್ ಹೋದದ್ದೆಷ್ಟು. ಖುಲಾಸೆಯಾದ ತೀರ್ಪುಗಳಲ್ಲಿ ಜಾತಿ ದಾಖಲೆ, ತನಿಖಾಧಿಕಾರಿಯ ಅಧಿಕಾರ, ಸ್ಥಳ ಇವುಗಳಿಂದ ಬಿದ್ದದ್ದೆಷ್ಟು, ಸಾಕ್ಷಿ ತಿರುಗಿ ಬಿದ್ದದ್ದೆಷ್ಟು. ಕಲಂ 4ರಡಿ ಶುರುವಾದ ವಿಚಾರಣೆ ಎಷ್ಟು, ಶಿಫಾರಸಾದದ್ದೆಷ್ಟು. ಮೂರು ತಿಂಗಳಿಗೊಮ್ಮೆ ಸೇರಬೇಕಾದ ಜಿಲ್ಲಾ ಸಮಿತಿ ಸೇರದ ಜಿಲ್ಲೆಗಳ ಹೆಸರು.

ಇವೆಲ್ಲ ಕಡತದಲ್ಲೇ ಇರುವ ಮಾಹಿತಿ. ಜಿಲ್ಲಾಧಿಕಾರಿ ಮತ್ತು ಅಭಿಯೋಜನೆಯ ಅಧಿಕಾರಿ ಪ್ರಕರಣಗಳನ್ನು ಪರಿಶೀಲಿಸಿ ಪ್ರತಿ ತಿಂಗಳೂ ವರದಿ ಕೊಡಬೇಕೆಂದು ನಿಯಮ 4ರಲ್ಲಿ ಆಗಲೇ ಇದೆ. ಹೊಸ ಕಾನೂನು ಬೇಡ, ಹೊಸ ಆಯೋಗ ಬೇಡ. ಸಭೆಯ ನಡಾವಳಿಯನ್ನು, ಖಾಸಗಿ ವಿವರಗಳನ್ನು ತೆಗೆದು, ಹದಿನೈದು ದಿನದೊಳಗೆ ಸಮಾಜ ಕಲ್ಯಾಣ ಇಲಾಖೆಯ ಜಾಲತಾಣದಲ್ಲಿ ಹಾಕಿಸಿ. ಜುಲೈ ಸಭೆಯ ಹೊತ್ತಿಗೆ ಅದೇ ಅಂಕಿಗಳನ್ನು ಅದೇ ಕ್ರಮದಲ್ಲಿ ಮತ್ತೆ ಕೇಳಿ, ಯಾವ ಜಿಲ್ಲೆಯಲ್ಲಿ ಏನೂ ಬದಲಾಗಿಲ್ಲವೋ ಆ ಜಿಲ್ಲೆಯ ಜಿಲ್ಲಾಧಿಕಾರಿ ಮತ್ತು ಎಸ್ಪಿಯವರನ್ನು ಸಭೆಗೆ ಖುದ್ದು ಕರೆಸಿ.

ಇಂತಿ ತಮ್ಮ ವಿಶ್ವಾಸಿಗಳು,
ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣಗಳಲ್ಲಿ ಕೆಲಸ ಮಾಡುವ ವಕೀಲರು ಮತ್ತು ಕಾರ್ಯಕರ್ತರು